ಗಾಜಿನ ತೊಟ್ಟಿಯ ರೋಗಿ

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ದಾವಣಗೆರೆಯ ಗೃಹಿಣಿಯೊಬ್ಬರು ಬರೆದುದು ಒಂದು. ಮಕ್ಕಳ ಹಟಕ್ಕೆ ಸೋತು ಮನೆಗೆ ತಂದ ಮೀನುಗಳಲ್ಲಿ ಒಂದು ಎರಡು ದಿನಗಳಿಂದ ತೊಟ್ಟಿಯ ಮೂಲೆಯನ್ನು ಹಿಡಿದು ನಿಂತಿದೆಯಂತೆ, ಆಹಾರವನ್ನು ಮುಟ್ಟುವುದಿಲ್ಲವಂತೆ, ಅಂಗಡಿಯವರು ನೀಲಿ, ಹಸಿರು, ಹಳದಿ ಬಣ್ಣಗಳ ಮೂರು ಸೀಸೆಗಳನ್ನು ಕೊಟ್ಟು ಕಳುಹಿಸಿರುವರಂತೆ. ಇವುಗಳಲ್ಲಿ ಯಾವುದನ್ನು ಮೊದಲು ಹಾಕತಕ್ಕದ್ದೆಂದು ಕೇಳಿ, ಇಷ್ಟು ಸಣ್ಣ ವಿಷಯಕ್ಕಾಗಿ ಶ್ರಮ ಕೊಟ್ಟುದಕ್ಕೆ ಕ್ಷಮೆಯನ್ನೂ ಬೇಡಿರುವರು.

ವಿಷಯವು ಸಣ್ಣದೆಂದು ನಮಗೆ ತೋರುವುದಿಲ್ಲ. ಹಸುವಿಗೆ ಮೈ ಸರಿಯಿಲ್ಲದಿದ್ದರೆ ಅದು ನೆರಳನ್ನು ಹುಡುಕಿಕೊಂಡು ಹೋಗಿ ಮಲಗುವುದು. ಬೆಕ್ಕು ಹಿತ್ತಿಲಿಗೆ ಹೋಗಿ ಹುಲ್ಲನ್ನು ತಿಂದು ಕಕ್ಕಿಕೊಳ್ಳುವುದು. ಗಾಜಿನ ತೊಟ್ಟಿಯ ಮೀನು ಎಲ್ಲಿಗೆ ಹೋಗಬೇಕು? ಅದು ಉಸಿರಾಡುವುದೂ, ಉಣ್ಣುವುದೂ, ವಿಸರ್ಜಿಸುವುದೂ ಎಲ್ಲವೂ ಅದೇ ಮೂರು ನಾಲ್ಕು ಕೊಡ ನೀರಿನಲ್ಲಿ. ಆ ನೀರು ಕೆಟ್ಟರೆ ಅದಕ್ಕೆ ಬೇರೊಂದು ಲೋಕವಿಲ್ಲ. ಆದುದರಿಂದ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟೇ: ಮೊದಲು ಯಾವ ಸೀಸೆಯ ಬಿರಡೆಯನ್ನೂ ತೆಗೆಯಬೇಡಿರಿ. ಮೊದಲು ನೀರನ್ನು ನೋಡಿರಿ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗೆ ಇರಬೇಕಾದ ಗುಣಗಳಲ್ಲಿ ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೂ ಒಂದೆಂದು ಎಣಿಸಿದೆ. ಮೀನಿಗೆ ಈ ಶಕ್ತಿಯು ಸರ್ವಥಾ ಇಲ್ಲ. ನರಳುವ ಧ್ವನಿಯಿಲ್ಲ, ಮುಖದಲ್ಲಿ ಭಾವವಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ‘ಅನಿಮಿಷ’ವೆಂದು ಹೆಸರು, ದೇವತೆಗಳಿಗೂ ಅದೇ ಹೆಸರು. ದೇವತೆಗಳ ಮಾತು ಹೇಗಾದರೂ ಇರಲಿ, ಚಿನ್ನದ ಮೀನಿಗಂತೂ ರೆಪ್ಪೆಯೇ ಇಲ್ಲ. ನಿದ್ರೆಯಲ್ಲಿಯೂ ಎಚ್ಚರದಲ್ಲಿಯೂ, ಸುಖದಲ್ಲಿಯೂ ಸಂಕಟದಲ್ಲಿಯೂ ಅದರ ಕಣ್ಣಿನ ನೋಟವೊಂದೇ. ಇನ್ನು ವೈದ್ಯರೆಂದರೆ, ಮೀನಿನ ರೋಗವನ್ನು ಬಲ್ಲವರು ಊರೂರಿಗೆ ದೊರೆಯುವವರಲ್ಲ. ಔಷಧವೋ, ಹೇಳಿದೆವಲ್ಲ, ಎರಡನೆಯ ಮಾತು. ಉಳಿದವನು ಪರಿಚಾರಕನೊಬ್ಬನೇ. ಉಪಚಾರವನ್ನು ಬಲ್ಲವನು, ದಕ್ಷನು, ರೋಗಿಯಲ್ಲಿ ಅನುರಾಗವುಳ್ಳವನು, ಶುಚಿಯಾದವನು ಎಂದು ಅವನ ನಾಲ್ಕು ಗುಣಗಳನ್ನು ಚರಕನು ಹೇಳಿರುವನು. ಮೀನಿನ ಮನೆಯಲ್ಲಿ ಭಾರವೆಲ್ಲ ಈ ಒಂದು ಪಾದದ ಮೇಲೆಯೇ ಬೀಳುವುದು.

ಪರಿಚಾರಕನು ನೋಡಬೇಕಾದುದು ಮೀನಿನ ಮುಖವನ್ನಲ್ಲ, ಅದರ ರೆಕ್ಕೆಯನ್ನೂ ಕಿವಿರನ್ನೂ ನಡತೆಯನ್ನೂ. ಆರೋಗ್ಯದ ಮೀನು ರೆಕ್ಕೆಗಳನ್ನು ಬೀಸಣಿಗೆಯಂತೆ ಬಿಡಿಸಿಕೊಂಡಿರುವುದು. ಮೈ ಸರಿಯಿಲ್ಲದುದು ಮಡಿಸಿದ ಕೊಡೆಯಂತೆ ಮೈಗೆ ಅಂಟಿಸಿಕೊಳ್ಳುವುದು. ಕಿವಿರುಗಳು ಬಡಬಡನೆ ಬಡಿದುಕೊಳ್ಳುತ್ತಿದ್ದರೆ ಉಸಿರಿಗೆ ಕಷ್ಟವಾಗಿದೆಯೆಂದು ತಿಳಿಯಬೇಕು. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಸಾಲದು, ಇಲ್ಲವೇ ಕಿವಿರು ಸುಟ್ಟಿದೆ. ಬೆಣಚುಕಲ್ಲುಗಳಿಗೆ ಮೈಯನ್ನು ಉಜ್ಜಿಕೊಳ್ಳುತ್ತಿದ್ದರೆ ಚರ್ಮದಲ್ಲಿ ಏನೋ ಹೊಕ್ಕಿದೆ. ಇವನ್ನು ಕಾಣಲು ದಿನಕ್ಕೆ ಎರಡು ಸಲ ಐದು ಐದು ನಿಮಿಷ ಸುಮ್ಮನೆ ಕುಳಿತು ನೋಡಿದರೆ ಸಾಕು. ಹಾಗೆ ಕುಳಿತುಕೊಳ್ಳುವುದು ಹಿರಿಯರಿಗಿಂತ ಮಕ್ಕಳಿಗೇ ಸುಲಭವೆಂದು ನಮ್ಮ ಅಭಿಪ್ರಾಯ.

ನಮ್ಮ ಪೂರ್ವಿಕರು ಆನೆಗೆ ಪಾಲಕಾಪ್ಯನ ಶಾಸ್ತ್ರವನ್ನೂ, ಕುದುರೆಗೆ ಶಾಲಿಹೋತ್ರವನ್ನೂ, ಗಿಡಮರಗಳಿಗೆ ವೃಕ್ಷಾಯುರ್ವೇದವನ್ನೂ ಬರೆದಿಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೂ ಇದೆ. ಯಾವ ಮೀನಿಗೆ ಯಾವ ಆಹಾರವು ಪ್ರಿಯವೆಂಬುದನ್ನು ಕೂಡ ಅಲ್ಲಿ ವಿವರಿಸಿದೆ. ಆದರೆ ಅದು ಗಾಳ ಹಾಕುವವರ ವಿನೋದ. ಹಿಡಿಯುವುದಕ್ಕಾಗಿ ಉಣಿಸುವುದು ಬೇರೆ, ಬದುಕಿಸುವುದಕ್ಕಾಗಿ ಉಪವಾಸವಿಡುವುದು ಬೇರೆ.

ಇನ್ನು ನೀರಿನ ವಿಷಯಕ್ಕೆ ಬರೋಣ. ನೀರು ಕೆಡುವುದೆಂದರೆ ಬಗ್ಗಡವಾಗುವುದೆಂದು ಬಹು ಜನರ ತಿಳಿವಳಿಕೆ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ವಿಷವಿರಬಹುದು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಸದಾ ಹೊರಕ್ಕೆ ಬಿಡುತ್ತಿರುವುದು. ಉಳಿದು ಕೊಳೆತ ಆಹಾರವೂ ಅದನ್ನೇ ಕೊಡುವುದು. ಕೆರೆಹೊಳೆಗಳಲ್ಲಿ ಇದು ಲೆಕ್ಕಕ್ಕಿಲ್ಲ. ತೊಟ್ಟಿಯಲ್ಲಿ ಇದು ದಿನದಿನಕ್ಕೆ ಕೂಡಿಬಂದು ಮೀನಿನ ಕಿವಿರುಗಳನ್ನೇ ಸುಡುವುದು. ಇದರಿಂದ ಮೀನನ್ನು ಕಾಪಾಡುವವರು ಯಾರೆಂದರೆ, ತೊಟ್ಟಿಯ ಕಲ್ಲುಗಳ ಮೇಲೂ ಶೋಧಕದ ಸ್ಪಂಜಿನೊಳಗೂ ಮನೆಮಾಡಿಕೊಳ್ಳುವ ಸೂಕ್ಷ್ಮಜೀವಿಗಳು. ಒಂದು ಜಾತಿಯವು ಅಮೋನಿಯವನ್ನು ನೈಟ್ರೈಟನ್ನಾಗಿ ಮಾಡುವುವು, ಅದೂ ವಿಷವೇ. ಇನ್ನೊಂದು ಜಾತಿಯವು ಆ ನೈಟ್ರೈಟನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟನ್ನಾಗಿ ಮಾಡುವುವು. ಹೊಸ ತೊಟ್ಟಿಯಲ್ಲಿ ಈ ಎರಡು ಪಂಗಡಗಳೂ ನೆಲೆಗೊಳ್ಳಲು ಸಾಮಾನ್ಯವಾಗಿ ೪ರಿಂದ ೬ ವಾರಗಳು ಹಿಡಿಯುವುವು. ತಂದ ತಿಂಗಳೊಳಗೇ ಮೀನುಗಳು ಸಾಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಮನೆಯವರು ಮೀನಿನ ಆಯುಸ್ಸನ್ನೋ ತಮ್ಮ ಗ್ರಹಚಾರವನ್ನೋ ಹಳಿದುಕೊಳ್ಳುವರು.

ಈ ಪ್ರಸಂಗದಲ್ಲಿ ತಂದೆಮಕ್ಕಳಿಬ್ಬರ ವೃತ್ತಾಂತವು ನೆನೆಯತಕ್ಕುದಾಗಿದೆ. ೧೮೫೦ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಒಂದು ಪಾತ್ರೆಯ ನೀರಿನಲ್ಲಿ ಚಿನ್ನದ ಮೀನುಗಳನ್ನೂ ನೀರುಗಿಡವನ್ನೂ ಒಟ್ಟಿಗೆ ಇರಿಸಿ ಪರೀಕ್ಷಿಸಿದರು. ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿತು. ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ ಮೇಲೆ ಸರಿಹೋಯಿತು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸಕ್ಕೆ ಇದು ಬುನಾದಿಯಾಯಿತು. ಆದರೆ ಕಣ್ಣಿಗೆ ಕಾಣದ ಆ ಸೂಕ್ಷ್ಮಜೀವಿಗಳ ಸಂಗತಿಯು ತಂದೆಗೆ ತಿಳಿದಿರಲಿಲ್ಲ. ಅದೇ ಹೆಸರಿನ ಅವರ ಮಗನು ಮುಂದೆ ರಾಥಮ್‌ಸ್ಟೆಡ್ಡಿನ ಕೃಷಿಶಾಲೆಯಲ್ಲಿ ಹೊಲದ ಮಣ್ಣನ್ನು ಪರಿಶೋಧಿಸುತ್ತ, ಅಮೋನಿಯವು ನೈಟ್ರೇಟಾಗುವುದು ಎರಡು ಮೆಟ್ಟಿಲುಗಳಲ್ಲಿ, ಎರಡು ಬಗೆಯ ಜೀವಿಗಳಿಂದ ಎಂಬುದನ್ನು ತೋರಿಸಿಕೊಟ್ಟರು. ೧೮೯೦ರ ಸುಮಾರಿಗೆ ರಷ್ಯದ ವಿನೋಗ್ರಾಡ್‌ಸ್ಕಿ ಎಂಬವರು ಆ ಜೀವಿಗಳನ್ನು ಬೇರ್ಪಡಿಸಿ ಕಂಡರು. ತಂದೆಯ ತೊಟ್ಟಿಯ ಗುಟ್ಟನ್ನು ಮಗನು ಹೊಲದಲ್ಲಿ ಕಂಡನೆಂಬುದು ನಮಗೆ ಬಹು ಇಷ್ಟವಾದ ಸಂಗತಿ.

ಇದೆಲ್ಲವೂ ಪುಸ್ತಕದ ಮಾತಾಯಿತು. ನಮ್ಮ ಬೀದಿಯಲ್ಲಿ ಕಳೆದ ಮಾರ್ಗಶಿರದಲ್ಲಿ ನಡೆದುದನ್ನು ಹೇಳಿದರೆ ಶುಶ್ರೂಷೆಯ ಕ್ರಮವು ವಾಚಕರಿಗೆ ಸ್ಪಷ್ಟವಾದೀತು.

ನೆರೆಮನೆಯ ಗೃಹಸ್ಥರು ಒಂಬತ್ತು ವರ್ಷದ ಮಗನಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ೪೦ ಲೀಟರಿನ ತೊಟ್ಟಿಯನ್ನೂ ಎರಡು ಚಿನ್ನದ ಮೀನುಗಳನ್ನೂ ತಂದುಕೊಟ್ಟಿದ್ದರು. ೧೮ನೆಯ ದಿನ ನೀರು ಸ್ವಲ್ಪ ಬೆಳ್ಳಗಾಯಿತೆಂದು ಅವರು ತೊಟ್ಟಿಯನ್ನು ಬರಿದುಮಾಡಿ, ಕಲ್ಲುಗಳನ್ನು ತಿಕ್ಕಿ, ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ, ನೇರವಾಗಿ ನಲ್ಲಿಯ ನೀರನ್ನೇ ತುಂಬಿದರು. ಶುಚಿತ್ವದ ಮೇಲಣ ಪ್ರೀತಿಯಿಂದಲೇ ಮಾಡಿದುದು, ದೋಷವೆನ್ನಲಾಗದು. ಆದರೆ ಆಗತಾನೆ ಬೇರೂರುತ್ತಿದ್ದ ಸೂಕ್ಷ್ಮಜೀವಿಗಳು ತೊಳೆದು ಹೋದುವು. ನಲ್ಲಿಯ ಕ್ಲೋರೀನು ಉಳಿದವನ್ನು ಕೊಂದಿತು, ಮೀನಿನ ಕಿವಿರುಗಳಿಗೂ ತಾಗಿತು. ಚಳಿಯ ನೀರು ಒಮ್ಮೆಗೇ ಮೈಮೇಲೆ ಬಿದ್ದಿತು. ನಾಲ್ಕು ದಿನಗಳಲ್ಲಿ ಒಂದು ಮೀನು ಸತ್ತಿತು. ಇನ್ನೊಂದರ ಮೈಮೇಲೆಲ್ಲ ರವೆಯನ್ನು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡುವು.

ನಮ್ಮನ್ನು ಕರೆದಾಗ ತಂದೆಯು ಆಗಲೇ ನಿಶ್ಚಯಿಸಿದ್ದರು. “ಬಿಡಿ ಮೇಷ್ಟ್ರೇ, ನೂರು ರೂಪಾಯಿಗೆ ಜೋಡಿ ಸಿಕ್ಕುತ್ತೆ. ಇದನ್ನು ಕೆರೆಗೆ ಬಿಟ್ಟು ಸಂಜೆ ಬೇರೆ ತರೋಣ ಅಂತ ಇವನಿಗೆ ಹೇಳ್ತಾ ಇದ್ದೀನಿ,” ಎಂದರು.

ಹುಡುಗನು ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ಬೇರೆ ತಂದರೆ ಇದು ಹುಷಾರಾಗುತ್ತಾ ಅಪ್ಪ?” ಎಂದನು.

ತಂದೆಯು ಮಾತಾಡಲಿಲ್ಲ. ಬೆಲೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುವೆವು: ಚಿನ್ನದ ಮೀನು ಕೆಲವು ವಾರಗಳ ಆಟದ ಸಾಮಾನಲ್ಲ. ಚೀನಾದೇಶದವರು ಸುಮಾರು ಸಾವಿರ ವರ್ಷಗಳಿಂದ ಸಾಕಿಕೊಂಡು ಬಂದ ಈ ಜಾತಿಯು ಒಳ್ಳೆಯ ನೀರಿನಲ್ಲಿ ಹತ್ತು ಹದಿನೈದು ವರ್ಷಗಳು ಬಾಳಬಲ್ಲುದು. ಇಂಗ್ಲೆಂಡಿನ ಒಂದು ಮನೆಯಲ್ಲಿ, ೧೯೫೬ರಲ್ಲಿ ಜಾತ್ರೆಯ ಆಟವೊಂದರಲ್ಲಿ ಗೆದ್ದು ತಂದ ಟಿಷ್ ಎಂಬ ಮೀನು ೪೩ ವರ್ಷ ಬದುಕಿ ೧೯೯೯ರಲ್ಲಿ ಸತ್ತಿತು.

ಹುಡುಗನನ್ನೇ ಪರಿಚಾರಕನನ್ನಾಗಿ ನೇಮಿಸಿದೆವು. ಒಂದು ನೋಟುಪುಸ್ತಕವನ್ನು ಕೊಟ್ಟು, ದಿನದ ಎರಡು ಹೊತ್ತೂ ಕಂಡುದನ್ನು ಬರೆಯಹೇಳಿದೆವು. ನೀರಿನ ಪರೀಕ್ಷೆಗೆ ಅಂಗಡಿಯಲ್ಲಿ ದೊರೆಯುವ ಸಣ್ಣ ಪೆಟ್ಟಿಗೆಯನ್ನು ತರಿಸಿದೆವು. ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆಯಿರಬೇಕು. ಅಲ್ಲಿ ಅಮೋನಿಯವು ಚೆನ್ನಾಗಿ ತೋರಿತು. ಕೂಡಲೆ ನೀರಿನ ಮೂರರಲ್ಲೊಂದು ಪಾಲನ್ನು ತೆಗೆದು, ಕ್ಲೋರೀನನ್ನು ಮುರಿಯುವ ಥಯೋಸಲ್ಫೇಟಿನ ಹನಿಗಳನ್ನು ಹಾಕಿದ, ಅಷ್ಟೇ ಬೆಚ್ಚಗಿನ ನೀರನ್ನು ನಿಧಾನವಾಗಿ ತುಂಬಿಸಿದೆವು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟ ನೀರಿನಿಂದ ಬರಿಯ ಕ್ಲೋರೀನು ತಾನೇ ಹೋಗುವುದು. ಆದರೆ ಕೆಲವು ಊರುಗಳಲ್ಲಿ ಬೆರೆಸುವ ಕ್ಲೋರಮೀನು ಹಾಗೆ ಹೋಗದು. ಆದುದರಿಂದ ಹನಿಗಳೇ ಲೇಸು. ಈ ಕಾರ್ಯವು ಮುಂದೆ ಪ್ರತಿದಿನವೂ ನಡೆಯಿತು.

ಆಹಾರವನ್ನು ಮೂರು ದಿನ ಪೂರ್ತಿಯಾಗಿ ನಿಲ್ಲಿಸಿದೆವು. ಮನೆಯ ಅಜ್ಜಿಗೆ ಇದು ಬಹಳ ಕ್ರೂರವಾಗಿ ಕಂಡಿತು. ಗುಟ್ಟಾಗಿ ಒಂದು ಚಿಟಿಕೆ ಹಾಕುವರೇನೋ ಎಂದು ಹುಡುಗನು ಡಬ್ಬಿಯನ್ನು ತನ್ನ ಶಾಲೆಯ ಚೀಲದಲ್ಲಿ ಬಚ್ಚಿಟ್ಟನು. ಬೆಳೆದ ಚಿನ್ನದ ಮೀನು ಒಂದು ವಾರದ ಉಪವಾಸವನ್ನು ಆಯಾಸವಿಲ್ಲದೆ ತಾಳುವುದು. ಕಾಯಿಲೆಯಲ್ಲಿ ತಿನ್ನದೆ ಬಿಟ್ಟ ಪ್ರತಿಯೊಂದು ಕಾಳೂ ಮತ್ತೆ ಅಮೋನಿಯವಾಗುವುದು.

ಬಳಿಕ ಉಪ್ಪು. ಏನೂ ಬೆರೆಸದ ಕಲ್ಲುಪ್ಪು, ಲೀಟರಿಗೆ ಒಂದು ಗ್ರಾಮಿನಂತೆ ೪೦ ಗ್ರಾಂ ತೂಗಿ, ತೊಟ್ಟಿಯದೇ ನೀರಿನಲ್ಲಿ ಚೊಂಬಿನಲ್ಲಿ ಕರಗಿಸಿ, ಮೀನಿನಿಂದ ದೂರವಾಗಿ ಸುರಿದೆವು. ೧೨ ಗಂಟೆಗಳಿಗೊಮ್ಮೆ ಇನ್ನೆರಡು ಸಲ ಹೀಗೆಯೇ ಮಾಡಿ ಲೀಟರಿಗೆ ೩ ಗ್ರಾಮಿಗೆ ಮುಟ್ಟಿಸಿದೆವು. ಉಪ್ಪಿನಿಂದೇನು ಗುಣವೆಂದು ಕೇಳಬಹುದು. ಸಿಹಿನೀರಿನ ಮೀನಿನ ರಕ್ತವು ಸುತ್ತಲಿನ ನೀರಿಗಿಂತ ಉಪ್ಪಾಗಿರುವುದು. ಆ ಕಾರಣದಿಂದ ನೀರು ಎಡೆಬಿಡದೆ ಅದರ ಮೈಯೊಳಕ್ಕೆ ಇಳಿಯುತ್ತಿರುವುದು, ಮೂತ್ರಪಿಂಡಗಳು ಹಗಲಿರುಳೂ ಅದನ್ನು ಹೊರಹಾಕುತ್ತಿರಬೇಕು. ಚರ್ಮಕ್ಕೂ ಕಿವಿರಿಗೂ ಗಾಯವಾದಾಗ ಈ ದುಡಿಮೆಯು ಇಮ್ಮಡಿಸುವುದು. ನೀರಿಗೆ ಸ್ವಲ್ಪ ಉಪ್ಪು ಸೇರಿದರೆ ಆ ಭಾರವು ಇಳಿಯುವುದು, ನೈಟ್ರೈಟಿನ ಬಾಧೆಯೂ ತಗ್ಗುವುದು, ಬಿಳಿಚುಕ್ಕೆಯ ಪೀಡೆಗೂ ಅದು ಶತ್ರು. ಒಂದು ಎಚ್ಚರಿಕೆ: ನೀರು ಆವಿಯಾಗುವುದು, ಉಪ್ಪು ಆಗದು. ಆವಿಯಾಗಿ ಕಡಮೆಯಾದುದಕ್ಕೆ ಬರಿಯ ನೀರನ್ನೂ, ನಾವು ತೆಗೆದು ಚೆಲ್ಲಿದುದಕ್ಕೆ ಮಾತ್ರ ಉಪ್ಪು ಬೆರೆತ ನೀರನ್ನೂ ಹಾಕಬೇಕು. ಮೀಸೆಯುಳ್ಳ ಕ್ಯಾಟ್‌ಫಿಷ್ ಜಾತಿಯ ಮೀನುಗಳಲ್ಲಿ ಹಲವು ಇಷ್ಟು ಉಪ್ಪನ್ನು ಸಹಿಸಲಾರವು. ತೊಟ್ಟಿಯ ಗಿಡಗಳೂ ಬಾಡುವುವು.

ನಾಲ್ಕನೆಯ ದಿನ ಚುಕ್ಕೆಗಳೆಲ್ಲ ಮಾಯವಾದುವು. “ಗುಣವಾಯಿತಲ್ಲ, ಮೇಷ್ಟ್ರೇ!” ಎಂದು ತಂದೆಯು ಸಂತೋಷಪಟ್ಟರು. ಈ ರೋಗದಲ್ಲಿ ಮೋಸಹೋಗುವ ಘಟ್ಟವು ಇದೇ. ೧೮೭೬ರಲ್ಲಿ ಫೂಕೆ ಎಂಬ ಫ್ರೆಂಚ್ ಶಾಸ್ತ್ರಜ್ಞರು ವರ್ಣಿಸಿದ ಈ ಪರೋಪಜೀವಿಯು ಮೀನಿನ ಚರ್ಮದೊಳಗೆ ಹುದುಗಿ ಬೆಳೆಯುವುದು. ಆಗ ಯಾವ ಔಷಧವೂ ಅದಕ್ಕೆ ತಾಗದು. ಬೆಳೆದ ಮೇಲೆ ಕಳಚಿಕೊಂಡು ತೊಟ್ಟಿಯ ತಳಕ್ಕೆ ಬಿದ್ದು, ಕೋಶವನ್ನು ಕಟ್ಟಿಕೊಂಡು, ಒಂದು ನೂರಾರಾಗಿ ಒಡೆಯುವುದು. ಆ ಮರಿಗಳು ಈಜುತ್ತ ಹೊರಟು ಒಂದೆರಡು ದಿನಗಳೊಳಗೆ ಮೀನನ್ನು ಹಿಡಿಯಬೇಕು, ಇಲ್ಲವೇ ಸಾಯಬೇಕು. ಉಪ್ಪಿಗೂ ಔಷಧಕ್ಕೂ ಅವು ಸಿಕ್ಕುವುದು ಈ ಈಜುವ ಹೊತ್ತಿನಲ್ಲಿ ಮಾತ್ರ. ಚುಕ್ಕೆ ಹೋಯಿತೆಂದರೆ ಶತ್ರುವು ಹೋದನೆಂದಲ್ಲ. ಮನೆಯನ್ನು ಬಿಟ್ಟು ಬೀದಿಗೆ ಬಂದನೆಂದು ಅರ್ಥ. ನೀರು ಬೆಚ್ಚಗಿದ್ದರೆ ಈ ಚಕ್ರವು ಒಂದು ವಾರದೊಳಗೆ ಮುಗಿಯುವುದು. ಚಳಿಯ ನೀರಿನಲ್ಲಿ ವಾರಗಟ್ಟಲೆ ಎಳೆಯುವುದು. ಆದುದರಿಂದ ಚಿಕ್ಕದೊಂದು ಹೀಟರನ್ನು ಇಟ್ಟು, ಮೆಲ್ಲಮೆಲ್ಲನೆ ನೀರನ್ನು ೨೬ ಡಿಗ್ರಿಗೆ ಏರಿಸಿದ್ದೆವು. ಬೆಚ್ಚಗಿನ ನೀರು ಪ್ರಾಣವಾಯುವನ್ನು ಕಡಮೆ ಹಿಡಿಯುವುದು: ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ, ೩೦ರಲ್ಲಿ ಏಳೂವರೆ. ಆದುದರಿಂದ ಗಾಳಿಯ ಪಂಪು ಹಗಲಿರುಳೂ ಓಡುತ್ತಿರಬೇಕು.

ಆರನೆಯ ದಿನ ಚುಕ್ಕೆಗಳು ಮರಳಿದುವು, ಮೊದಲಿಗಿಂತ ಕಡಮೆ. ಏಳನೆಯ ದಿನ ಸಂಜೆ ಮೀನು ಒಂದು ಮಗ್ಗುಲಾಗಿ ತಳದಲ್ಲಿ ಮಲಗಿತು. ಕಿವಿರು ಮಾತ್ರ ಆಡುತ್ತಿತ್ತು. ಆಗ ತಂದೆಯೇ ಮೂರು ಬಣ್ಣದ ಸೀಸೆಗಳನ್ನು ತಂದು ಮೇಜಿನ ಮೇಲಿಟ್ಟು, “ಸುಮ್ಮನೆ ನೋಡ್ತಾ ಕೂರೋದು ಹೇಗೆ ಮೇಷ್ಟ್ರೇ?” ಎಂದರು. ಕಾಯಿಲೆಯವರಿರುವ ಯಾವ ಮನೆಯಲ್ಲಿಯೂ ಈ ಮಾತು ಕೇಳಿಬರುವುದುಂಟು. ಅದು ಅನುರಾಗದ ಮಾತೇ. ಆದರೂ ಬೇಡವೆಂದೆವು. ಮೆಥಿಲೀನ್ ನೀಲಿಯು ಶೋಧಕದ ಸೂಕ್ಷ್ಮಜೀವಿಗಳನ್ನು ಕೆಡಿಸುವುದು. ಮಲಕೈಟ್ ಹಸಿರು ಬಿಳಿಚುಕ್ಕೆಗೆ ಬಲವಾದ ಔಷಧವು ಹೌದು. ಆದರೆ ಬಳಲಿದ ಮೀನಿಗೂ ಅದು ಬಲವಾದುದೇ, ಉಣ್ಣುವ ಮೀನುಗಳಿಗೆ ಅದನ್ನು ಹಾಕಕೂಡದೆಂದು ಅನೇಕ ದೇಶಗಳು ನಿಷೇಧಿಸಿರುವುವು. ಒಂದರ ಮೇಲೊಂದು ಸುರಿದರೆ ಯಾವುದು ಏನು ಮಾಡಿತೆಂಬುದೂ ತಿಳಿಯದು. ನೀರನ್ನು ಮತ್ತೆ ಪರೀಕ್ಷಿಸಿದೆವು. ಅಮೋನಿಯವು ಪುನಃ ಏರಿತ್ತು. ಆ ರಾತ್ರಿ ಇನ್ನೊಂದು ಸಲ ಮೂರರಲ್ಲೊಂದು ಪಾಲು ನೀರನ್ನು, ತೆಗೆದಷ್ಟಕ್ಕೆ ತಕ್ಕ ಉಪ್ಪು ಬೆರೆಸಿ, ಬದಲಾಯಿಸಿದೆವು. ದೀಪವನ್ನು ಆರಿಸಿ ತೊಟ್ಟಿಗೆ ಒಂದು ಪಂಚೆಯನ್ನು ಹೊದಿಸಿದೆವು. ಹುಡುಗನು, “ತಾತ, ಬೆಳಗ್ಗೆ ಇರುತ್ತಾ?” ಎಂದು ಕೇಳಿದನು. ಇರುವುದೆಂದು ನಾವು ಹೇಳಲಿಲ್ಲ. ಬೆಳಗ್ಗೆ ನೋಡೋಣ, ಈಗ ಮಲಗು ಎಂದೆವು.

ಬೆಳಗಿನ ಆರು ಗಂಟೆಗೆ ನಮ್ಮ ಬಾಗಿಲನ್ನು ತಟ್ಟಿದವನು ನೋಟುಪುಸ್ತಕವನ್ನೇ ಹಿಡಿದುಕೊಂಡು ಬಂದಿದ್ದನು. ಅದರಲ್ಲಿ ಬರೆದಿದ್ದುದು ಒಂದೇ ಪದ: ‘ನಿಂತಿದೆ’.

ಒಂಬತ್ತನೆಯ ದಿನ, ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯ ಒಂದು ಚೂರನ್ನು ತಿಂದಿತು. ಚಿನ್ನದ ಮೀನಿಗೆ ಹೊಟ್ಟೆಯ ಚೀಲವೆಂಬುದೇ ಇಲ್ಲ. ತಿಂದುದು ನೇರವಾಗಿ ಕರುಳಿಗೆ ಹೋಗುವುದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿಯೇ ಕೊಡಬೇಕು. ಕೊನೆಯ ಚುಕ್ಕೆಯು ಹೋದ ಮೇಲೂ ಏಳು ದಿನ ಉಪ್ಪನ್ನು ಬಿಡಲಿಲ್ಲ. ೧೬ನೆಯ ದಿನದಿಂದ ಉಪ್ಪಿಲ್ಲದ ನೀರನ್ನು ಬದಲಾಯಿಸುತ್ತ ಬಂದು ಹಂತಹಂತವಾಗಿ ತಗ್ಗಿಸಿದೆವು. ಹರಿದಿದ್ದ ಬಾಲದ ಅಂಚು ಎರಡು ತಿಂಗಳಲ್ಲಿ ಬೆಳೆದುಕೊಂಡಿತು. ಒಂದು ಕಡೆ ಚಿಕ್ಕದೊಂದು ಕಚ್ಚು ಇನ್ನೂ ಉಳಿದಿದೆ.

ಬೇರೆ ರೋಗಗಳ ವಿಷಯದಲ್ಲಿ ಎರಡು ಮಾತು. ರೆಕ್ಕೆಯ ಅಂಚು ಕೊಳೆತು ಎಳೆಎಳೆಯಾಗುವುದು ಬಹುತೇಕ ಕೆಟ್ಟ ನೀರಿನ ಫಲ. ನೀರು ಸರಿಹೋದರೆ ಅರ್ಧ ಗುಣವಾದಂತೆಯೇ. ದುಂಡು ಮೈಯ ಮೀನು ತಲೆಕೆಳಗಾಗಿ ತೇಲುತ್ತಿದ್ದರೆ ಎರಡು ಮೂರು ದಿನ ಉಪವಾಸವಿಟ್ಟು ಬಟಾಣಿಯನ್ನು ಕೊಟ್ಟು ನೋಡಬಹುದು. ಆದರೆ ಮೈಯೆಲ್ಲ ಊದಿ ಹುರುಪೆಗಳು ನಿಮಿರಿ ನಿಂತರೆ ಒಳಗಿನ ಅಂಗಗಳೇ ಸೋತಿರುವುವು. ಅಂಥ ಮೀನು ಉಳಿಯುವುದು ಅಪರೂಪವೆಂದು ಮಕ್ಕಳಿಗೆ ಮರೆಮಾಚದೆ ಹೇಳಬೇಕು. ಹೇಳಿದರೆ ಅವರು ತಡೆದುಕೊಳ್ಳುವರು. ಕಾಯಿಲೆಯ ಮೀನನ್ನು ಕೆರೆಗೆ ಬಿಡುವುದು ಮಾತ್ರ ದಯೆಯಲ್ಲ. ಅದರ ರೋಗವು ಕೆರೆಯ ಮೀನುಗಳಿಗೆ ಹೋಗುವುದು. ಆರೋಗ್ಯದ ಮೀನನ್ನು ಕೂಡ ಬಿಡಬಾರದು: ತೊಟ್ಟಿಯ ಗಾಜನ್ನು ನೆಕ್ಕಿ ಶುಚಿಮಾಡುವುದೆಂದು ತರುವ ದಕ್ಷಿಣ ಅಮೆರಿಕದ ಕ್ಯಾಟ್‌ಫಿಷ್, ಬೇಸರಪಟ್ಟವರ ಕೈಯಿಂದ ಹೊರಬಿದ್ದು, ನಮ್ಮ ದೇಶದ ಹಲವು ಕೆರೆಗಳಲ್ಲಿ ಬೆಸ್ತರ ಬಲೆಗಳಿಗೆ ಪೀಡೆಯಾಗಿ ಬೆಳೆದಿದೆ.

ಹೊಸ ಮೀನನ್ನು ತರುವವರು ಅದನ್ನು ಮೂರು ನಾಲ್ಕು ವಾರ ಬೇರೊಂದು ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಹಳೆಯದರೊಡನೆ ಸೇರಿಸಬೇಕು. ಅಂಗಡಿಯ ಚೀಲದ ನೀರನ್ನು ಮನೆಯ ತೊಟ್ಟಿಗೆ ಸುರಿಯಬಾರದು. ಸ್ಪಂಜನ್ನು ತೊಳೆಯಬೇಕಾದಾಗ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಿದರೆ ಸಾಕು, ನಲ್ಲಿಯ ಹತ್ತಿರಕ್ಕೆ ಒಯ್ಯಬಾರದು. ನೀರು ತುಂಬುವ ಬಕೀಟು ಮೀನಿಗೆಂದೇ ಬೇರೆಯಾಗಿರಲಿ. ಸಾಬೂನು ಸೋಕಿದ ಸ್ನಾನದ ಮನೆಯ ಬಕೀಟು ಆಗದು. ಮನೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಅದರ ಮೇಲೆ ಬಣ್ಣದಿಂದ ಒಂದು ಮೀನನ್ನು ಬರೆಸಿಡಿರಿ.